ದನ ಬಿಡುಗಡೆ ಮಾಡಿದ ದಿನ

ಕೋಲಾರದ ಒಂದು ನ್ಯೂಸ್ ಪೋರ್ಟಲ್‌ನ ಡೆಸ್ಕಿನಲ್ಲಿದ್ದಾಗಿನ ಮಾತು. ಹಾಲು ಸಂಘದ ಸಭೆಯ ಕಾಪಿಯನ್ನು, ಅಂದರೆ ವರದಿಯನ್ನು, ಮುಳಬಾಗಿಲು ಕಡೆಯ ಸ್ಟ್ರಿಂಗರ್ (ಅರೆಕಾಲಿಕ ವರದಿಗಾರರು) ವಾಟ್ಸಾಪಿನಲ್ಲಿ ಕಳಿಸಿದ್ದರು. ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನದ ಬಾಕಿ ಬೇಗ ಬರುತ್ತೆ ಅಂತ ಸುದ್ದಿ. ನಾನು ಫೋನಿನಲ್ಲೇ ಹೆಡಿಂಗ್ ಬಡಿದೆ. ಕೀಬೋರ್ಡ್ ಮೊದಲು ತೋರಿಸಿದ ಪದ ಒತ್ತಿದೆ, ಓದುಗರ ಫೋನಿಗೆ ನೋಟಿಫಿಕೇಶನ್ ಹೋಗುವ ಪುಷ್ ಕೊಟ್ಟೆ, ಟೀಗೆ ಇಳಿದೆ.

ಟೀ ಕೈಗೆ ಬರುವ ಮುಂಚೆ ಫೋನ್ ಬಂತು. "ಸಾರ್, ಕೊಡೋದು ಸೀಮೆಹಸುನಾ, ನಾಟಿ ಹಸುನಾ? ಅರ್ಜಿ ಎಲ್ಲಿ ಹಾಕ್ಬೇಕು?"

ತೆರೆದು ನೋಡಿದೆ. ‘ಶೀಘ್ರದಲ್ಲೇ ಪ್ರೋತ್ಸಾಹ ದನ ಬಿಡುಗಡೆ.’

ಮೊದಲು ಮಾಡಿದ ಕೆಲಸ ಸ್ಟ್ರಿಂಗರ್‌ಗೆ ಬೈದಿದ್ದು. ಅಲ್ಪಪ್ರಾಣ, ಮಹಾಪ್ರಾಣ ಗೊತ್ತಿಲ್ವೇನ್ರೀ ಅಂದೆ. ಅವರು ಪೂರ್ತಿ ಕೇಳಿಸಿಕೊಂಡರು. "ಕಾಪೀಲಿ ತಪ್ಪಿದೆ ಸಾರ್, ಒಪ್ತೀನಿ. ಹೆಡಿಂಗ್ ನಾನು ಕಳಿಸಿಲ್ವಲ್ಲ" ಅಂದರು.

ಕಾಪಿಯಲ್ಲೂ 11 ಕಡೆ ದನ ನಿಂತಿತ್ತು. ಒಂದೊಂದೇ ತಿದ್ದಬಹುದಿತ್ತು, ಎರಡು ನಿಮಿಷದ ಕೆಲಸ. ಆದರೆ ಫೋನ್ ನಿಲ್ಲುತ್ತಿರಲಿಲ್ಲ, ಕೈ ನಡುಗುತ್ತಿತ್ತು. ‘ದನ’ ಇದ್ದಲ್ಲೆಲ್ಲ ‘ಧನ’, ರಿಪ್ಲೇಸ್ ಆಲ್, ಅಪ್‌ಡೇಟ್.

ಆ ಸಭೆಯಲ್ಲಿ ಪಶುವೈದ್ಯರೂ ಮಾತಾಡಿದ್ದರು ಅನ್ನೋದು ಆಗ ನನಗೆ ನೆನಪೇ ಇರಲಿಲ್ಲ. ‘ಧನಗಳಿಗೆ ತಪ್ಪದೆ ಕಾಲುಬಾಯಿ ಜ್ವರದ ಲಸಿಕೆ ಹಾಕಿಸಿ.’ ‘ಧನದ ಕೊಟ್ಟಿಗೆ ಒಣಗಿರಲಿ.’ ಅಧ್ಯಕ್ಷರಿಗೆ ಅಭಿನಂಧನೆ, ಕೊನೆಗೆ ವಂಧನಾರ್ಪಣೆ. ಪದ ಎಲ್ಲಿ ಶುರು, ಎಲ್ಲಿ ಮುಗಿಯಿತು ಅನ್ನೋದು ಆ ರಿಪ್ಲೇಸ್‌ಗೆ ಬೇಕಿಲ್ಲ. ದ ಪಕ್ಕ ನ ಕಂಡರೆ ಸಾಕು. ಅಷ್ಟರಲ್ಲಿ ಸ್ಕ್ರೀನ್‌ಶಾಟ್ ಊರೆಲ್ಲ ಸುತ್ತಿತ್ತು.

ಸ್ಪೆಲ್ ಚೆಕ್ ಇತ್ತಲ್ವಾ ಅಂತ ಮ್ಯಾನೇಜರ್ ಕೇಳಿದರು. ಇತ್ತು. ದನವೂ ಸರಿಯಾದ ಪದವೇ, ಧನವೂ ಸರಿಯೇ. ಎರಡಕ್ಕೂ ಅದು ಸುಮ್ನಿರುತ್ತೆ. ‘ಕೊಟ್ಟಿಗೆಯಲ್ಲಿದ್ದವಕ್ಕೂ’ ಅಂತ ಬರೆಯಿರಿ, ಕೆಂಪು ಗೆರೆ ಎಳೆಯುತ್ತೆ. ಪ್ರತ್ಯಯ ಜಾಸ್ತಿ ಸೇರಿದರೆ ಅದಕ್ಕೆ ಕನ್ನಡವೇ ತಪ್ಪು. ಪುಟವೆಲ್ಲ ಕೆಂಪಾಗಿದ್ದರೆ ಗೆರೆ ಯಾರು ನೋಡ್ತಾರೆ? ಪುಷ್‌ಗೆ ಮುಂಚೆ ಇನ್ನೊಬ್ಬರು ಓದಲಿ ಅಂತ ನಾವು ಕೇಳಿದ್ದೆವು. ಸಿಕ್ಕಿದ್ದು ಕಾಪಿಗೆ 5 ನಿಮಿಷದ ಟಾರ್ಗೆಟ್.

ಸಂಜೆ ಎಲ್ಲ ಸರಿಮಾಡಿ ಕೂತಿದ್ದೆ. ಸ್ಟ್ರಿಂಗರ್ ಮೆಸೇಜ್ ಬಂತು: "ಸಾರ್, ಕೊನೇ ಪ್ಯಾರಾದಲ್ಲಿ ಇನ್ನೊಂದು ಅಭಿನಂಧನೆ ಉಳಿದಿದೆ." ಹುಡುಕಿದರೆ ಸಿಗಲಿಲ್ಲ. ಕಣ್ಣೆದುರೇ ಇದೆ, ಆದರೂ ಸಿಗಲ್ಲ. ಹತ್ತು ನಿಮಿಷ ಗುದ್ದಾಡಿದ ಮೇಲೆ ಗೊತ್ತಾಯಿತು. ಅನುಸ್ವಾರದ ಜಾಗದಲ್ಲಿ ಅವರು ಕನ್ನಡ ಅಂಕಿಯ ಸೊನ್ನೆ ಒತ್ತಿದ್ದರು. ನೋಡೋಕೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ.

ಇದನ್ನು ಹೇಳೋಣ ಅಂತ ಫೋನ್ ತೆಗೆದೆ. ಮಧ್ಯಾಹ್ನ ಬೈದಿದ್ದು ನೆನಪಾಯಿತು. ಸುಮ್ನೆ ನಾನೇ ತಿದ್ದಿದೆ. ಮರುದಿನದ ಕಾಪಿಯಲ್ಲೂ ಅದೇ ಸೊನ್ನೆ.