ಬಿಲ್ ಯಾರ ಹೆಸರಲ್ಲಿದೆ?

ಏಣಿ ನನ್ನದಲ್ಲ, ಗೆಳೆಯನದು. ಅವನ ಮನೆಯ ಅಟ್ಟದಿಂದ ಪುಸ್ತಕದ ಪೆಟ್ಟಿಗೆ ಇಳಿಸಿಕೊಡೋಣ ಅಂತ ಹತ್ತಿದವನು ನಾನು. ‘ಟಕ್’ ಅಂದದ್ದು ನೆನಪಿದೆ, ಬಿದ್ದದ್ದು ನೆನಪಿಲ್ಲ. ನೋಡಿಕೊಂಡಾಗ ಬಲಗೈ ಮಣಿಕಟ್ಟು ತಿರುಗಬಾರದ ಕಡೆಗೆ ತಿರುಗಿತ್ತು. ಆರು ವಾರ ಪ್ಲಾಸ್ಟರ್. ಎಡಗೈಯಲ್ಲಿ ಅಂಗಿ ಗುಂಡಿ ಹಾಕಿಕೊಳ್ಳೋದು ಕಲಿತೆ. ಆ ಕಥೆ ಅಷ್ಟು ಸಾಕು.

ಮಾರನೆಯ ದಿನ ಗೆಳೆಯ ಫೋನ್ ಮಾಡಿ, “ಆ ದರಿದ್ರದ ಏಣೀನ ಗುಜರಿಗೆ ಹಾಕ್ತೀನಿ ಮಾರಾಯ, ನೋಡೋಕಾಗ್ತಿಲ್ಲ” ಅಂದ. “ಮುಟ್ಟಬೇಡ” ಅಂದೆ. ಯಾಕೆ ಹಾಗಂದೆನೋ ಆಗ ನನಗೂ ಗೊತ್ತಿರಲಿಲ್ಲ. ಸಂಜೆ ಹೋಗಿ ನೋಡಿದರೆ, ಮೆಟ್ಟಿಲನ್ನು ಏಣಿಯ ಕಾಲಿಗೆ ಹಿಡಿದಿಡುವ ರಿವೆಟ್‌ನ ತಲೆ ಹಾರಿಹೋಗಿದೆ. ಅದು ಕೂತಿದ್ದ ತೂತು ದುಂಡಗಿಲ್ಲ, ಸವೆದು ಸವೆದು ಮೊಟ್ಟೆಯಾಕಾರಕ್ಕೆ ಬಂದಿದೆ. ಸುತ್ತ ಕಪ್ಪು ಪುಡಿ. ಅಂದರೆ ಆ ಕ್ಷಣದಲ್ಲಿ ಮುರಿದದ್ದಲ್ಲ, ಎಷ್ಟೋ ದಿನದಿಂದ ಒಳಗೊಳಗೇ ಅಲ್ಲಾಡುತ್ತಿತ್ತು. ಹಾರಿದ ತುಂಡು ಸೋಫಾದ ಕೆಳಗೆ ಸಿಕ್ಕಿತು. ಬೆಂಕಿಪೊಟ್ಟಣದಲ್ಲಿ ಹಾಕಿಟ್ಟೆ.

ಕಂಪನಿಗೆ ಫೋನ್ ಮಾಡಿದಾಗ ಅವರು ಕೇಳಿದ ಮೊದಲ ಮಾತು, “ಬಿಲ್ ಯಾರ ಹೆಸರಲ್ಲಿದೆ ಸರ್?” ಕೈ ಹೇಗಿದೆ ಅಂತಲ್ಲ. ಗೆಳೆಯನ ಹೆಸರಲ್ಲಿದೆ ಅಂದೆ. “ಹಾಗಾದ್ರೆ ನೀವು ನಮ್ಮ ಗ್ರಾಹಕರಲ್ಲ.”

ಈ ಮಾತಿಗೆ ಉತ್ತರ ಸಿಕ್ಕಿ ಬಹುಕಾಲವಾಯಿತು. 1928ರಲ್ಲಿ ಸ್ಕಾಟ್ಲೆಂಡಿನ ಪೇಸ್ಲಿಯಲ್ಲಿ ಮೇ ಡೊನಹ್ಯು ಎಂಬಾಕೆಗೆ ಸ್ನೇಹಿತೆಯೊಬ್ಬಳು ಜಿಂಜರ್ ಬಿಯರ್ ಕೊಡಿಸಿದಳು. ಬಾಟಲಿಯಲ್ಲಿ ಕೊಳೆತ ಬಸವನಹುಳು ಇತ್ತು, ಅದರಿಂದ ಕಾಯಿಲೆ ಬಿದ್ದೆ ಎಂಬುದು ಆಕೆಯ ದೂರು. ದುಡ್ಡು ಕೊಟ್ಟವಳು ಆಕೆಯಲ್ಲ, ಹಾಗಾಗಿ ತಯಾರಕನ ಜೊತೆ ಯಾವ ಒಪ್ಪಂದವೂ ಇರಲಿಲ್ಲ. ಆದರೂ 1932ರಲ್ಲಿ, ಆಗ ಬ್ರಿಟನ್ನಿನ ಕೊನೆಯ ಮೇಲ್ಮನವಿ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್, ಐವರು ನ್ಯಾಯಾಧೀಶರಲ್ಲಿ ಮೂವರ ಬಹುಮತದಿಂದ, ವಸ್ತುವನ್ನು ಕೊನೆಗೆ ಬಳಸುವವರ ಬಗ್ಗೆಯೂ ತಯಾರಕ ಎಚ್ಚರ ವಹಿಸಬೇಕು ಎಂದಿತು. ತಮಾಷೆಯೆಂದರೆ, ಹುಳು ನಿಜಕ್ಕೂ ಇತ್ತೇ ಎಂಬುದು ಕೋರ್ಟಿನಲ್ಲಿ ಸಾಬೀತಾಗಲೇ ಇಲ್ಲ, ಆಮೇಲೆ ರಾಜಿಯಾಯಿತು. ಇದನ್ನು ಓದಿದ ರಾತ್ರಿ ಎದ್ದುಹೋಗಿ ಬೆಂಕಿಪೊಟ್ಟಣ ಇದೆಯಾ ಅಂತ ನೋಡಿ ಬಂದೆ.

ವಾರ ಕಳೆದ ಮೇಲೆ ಅವರೇ ಮೆತ್ತಗಾದರು. ಹೊಸ ಏಣಿ ಕೊಡುತ್ತೇವೆ, ಹಳೆಯದನ್ನು ವಾಪಸ್ ಕಳಿಸಿ, ಈ ಕಾಗದಕ್ಕೆ ಸಹಿ ಹಾಕಿ ಅಂದರು. ಕೊನೆಯ ಸಾಲು ಸಣ್ಣಕ್ಷರದಲ್ಲಿತ್ತು: ಇನ್ನು ಮುಂದೆ ಯಾವುದೇ ತಕರಾರು ಇಲ್ಲ. ಸಹಿ ಹಾಕುವ ಕೈ ಹೇಗೂ ಪ್ಲಾಸ್ಟರಿನಲ್ಲಿತ್ತು.

ಎಡಗೈಯ ಒಂದೇ ಬೆರಳಲ್ಲಿ ಪತ್ರ ಟೈಪ್ ಮಾಡಿದೆ. ಆಸ್ಪತ್ರೆ ಖರ್ಚು ಕೇಳಿದೆ. ಅದಕ್ಕಿಂತ ಮುಖ್ಯವಾಗಿ, ಇದೇ ಬ್ಯಾಚಿನ ಏಣಿಗಳು ಎಷ್ಟು ಮಾರಾಟವಾಗಿವೆ, ಅವನ್ನು ಹತ್ತುತ್ತಿರುವವರಿಗೆ ಯಾರಾದರೂ ಹೇಳಿದ್ದೀರಾ ಎಂದು ಕೇಳಿದೆ. ಇನ್ನೊಂದು ಸಾಲನ್ನೂ ಸೇರಿಸಿದೆ: ‘ಇದಕ್ಕಿಂತ ಮೇಲೆ ನಿಲ್ಲಬೇಡಿ’ ಎಂದು ಸ್ಟಿಕ್ಕರ್ ಇದ್ದ ಮೆಟ್ಟಿಲು ದಾಟಿ ನಾನು ನಿಂತಿದ್ದೆ. ಗೆಳೆಯ ರೇಗಿದ. “ನಿನ್ನ ತಪ್ಪನ್ನ ನೀನೇ ಯಾಕೋ ಬರ್ಕೊಡ್ತೀಯ? ಅದನ್ನೇ ಹಿಡ್ಕೋತಾರೆ.” ಹಿಡಿದುಕೊಂಡರು ಕೂಡ. ಪರಿಹಾರದಲ್ಲಿ ನನ್ನ ಪಾಲಿನ ತಪ್ಪಿಗೆ ಅಂತ ಒಂದಿಷ್ಟು ಕಡಿತವಾಗುತ್ತದೆ ಎಂದು ಬರೆದರು. ಆಗಲಿ. ನಾನು ಎಲ್ಲಿ ನಿಂತಿದ್ದೆ ಎಂಬುದನ್ನು ಮುಚ್ಚಿಟ್ಟು, ತೂತು ಹೇಗೆ ಸವೆಯಿತು ಹೇಳಿ ಎಂದು ಅವರನ್ನು ಕೇಳಲು ನನಗೆ ಬಾಯಿ ಬರುತ್ತಿರಲಿಲ್ಲ.

ಬ್ಯಾಚಿನ ಪ್ರಶ್ನೆಗೆ ಮಾತ್ರ ಉತ್ತರವಿಲ್ಲ. ಮೂರನೆಯ ಪತ್ರದ ನಂತರ ಇಂಜಿನಿಯರ್ ಒಬ್ಬರನ್ನು ಕಳಿಸಿದರು. ಚಿಕ್ಕ ವಯಸ್ಸಿನವರು, ಮಾತು ಕಡಿಮೆ. ಏಣಿಯನ್ನು ನೆಲಕ್ಕೆ ಮಲಗಿಸಿ ತೂತಿನ ಅಳತೆ ತೆಗೆದುಕೊಂಡರು. ಬೆಂಕಿಪೊಟ್ಟಣದ ತುಂಡನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ, ನಾವ್ಯಾರೂ ಹೇಳದೆಯೇ, ಮುರಿಯದೆ ಉಳಿದಿದ್ದ ಇನ್ನೊಂದು ಬದಿಯ ರಿವೆಟ್ ಮೇಲೆ ಹೆಬ್ಬೆರಳಿಟ್ಟು ಒತ್ತಿ ತಿರುಗಿಸಿದರು.

ತಿರುಗಿತು.

ಅವರು ಏನೂ ಅನ್ನಲಿಲ್ಲ. ಚೀಲದಿಂದ ಫೋನ್ ತೆಗೆದು ಅದರ ಫೋಟೊ ತೆಗೆದುಕೊಂಡರು, ಆಮೇಲೆ ಬಗ್ಗಿ ಕಾಲಿನ ಒಳಬದಿಗೆ ಒತ್ತಿದ್ದ ಬ್ಯಾಚ್ ನಂಬರಿನದೂ ಒಂದು.