ಎರಡು ಟಾರ್ಚ್, 18 ಮೀಟರ್ ಆಳ

ಆ ಸಂಜೆ ಸ್ಕೂಬಾ ಡೈವಿಂಗ್‌ಗೆಂದು ಸಮುದ್ರಕ್ಕಿಳಿಯುವ ಮುನ್ನ ಎರಡು ಟಾರ್ಚ್‌ಗಳನ್ನು ಟವೆಲಿನ ಮೇಲೆ ಅಕ್ಕಪಕ್ಕ ಇಟ್ಟುಕೊಂಡು ಕುಳಿತಿದ್ದೆ. ಒಂದು ನನ್ನದು. 1000 ಲ್ಯೂಮೆನ್ ಬೆಳಕು, ಅದು ಹರಡುವ ಕೋನ 8 ಡಿಗ್ರಿ, ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು. ಇನ್ನೊಂದು ಗೆಳೆಯನಿಂದ ಎರವಲು ತಂದದ್ದು. 3000 ಲ್ಯೂಮೆನ್, 120 ಡಿಗ್ರಿ, ನೀರೊಳಗೆ ವಿಡಿಯೊ ತೆಗೆಯುವವರಿಗೆಂದೇ ಮಾಡಿದ್ದು. ನನ್ನದನ್ನು ಯಾರಿಗಾದರೂ ಮಾರಿ ಅಂಥದ್ದೇ ಒಂದನ್ನು ಕೊಳ್ಳಬೇಕೆಂದು ಒಂದು ವಾರದಿಂದ ಮನಸ್ಸು ಹಾತೊರೆಯುತ್ತಿತ್ತು. “ಕೊಳ್ಳುವ ಮೊದಲು ಎರಡನ್ನೂ ಒಂದೇ ರಾತ್ರಿ, ಒಂದೇ ನೀರಿನಲ್ಲಿ ಹೊತ್ತಿಸಿ ನೋಡು” ಎಂದವನೂ ಅದೇ ಗೆಳೆಯ.

ಕೋಣೆಯ ಗೋಡೆಯ ಮೇಲೆ ಪರೀಕ್ಷಿಸಿದಾಗ ಸ್ಪರ್ಧೆಯೇ ಇರಲಿಲ್ಲ. ದೊಡ್ಡದು ಇಡೀ ಕೋಣೆಯನ್ನು ಬೆಳಗಿತು. ನನ್ನದು ಗೋಡೆಯ ಮೇಲೆ ತಟ್ಟೆಯಗಲದ ವೃತ್ತವೊಂದನ್ನು ಮೂಡಿಸಿತು, ಅಷ್ಟೆ. ದೊಡ್ಡದನ್ನು ಅರ್ಧ ನಿಮಿಷದಲ್ಲೇ ಆರಿಸಿದೆ. ಇಂಥ ಟಾರ್ಚ್‌ಗಳನ್ನು ತಣ್ಣಗಿಡುವುದು ಸುತ್ತಲಿನ ನೀರು. ಗಾಳಿಯಲ್ಲಿ ಹೆಚ್ಚು ಹೊತ್ತು ಉರಿಸಿದರೆ ಮೈಯೆಲ್ಲ ಕಾದುಹೋಗುತ್ತದೆ.

ಬ್ಯಾಟರಿ ಹಾಕಲು ನನ್ನದರ ಹಿಂಬದಿಯ ಮುಚ್ಚಳ ತಿರುಗಿಸಿದೆ. ಅದರ ಕುತ್ತಿಗೆಯಲ್ಲಿ ನೀರು ಒಳನುಗ್ಗದಂತೆ ತಡೆಯುವ ಎರಡು ಕಪ್ಪು ರಬ್ಬರ್ ಓ-ರಿಂಗ್‌ಗಳು. ದೀಪದ ಕೆಳಗೆ ಹಿಡಿದು ನಿಧಾನವಾಗಿ ತಿರುಗಿಸುವಾಗ, ಒಳಗಿನ ರಿಂಗಿನ ಮೇಲೆ ಅಡ್ಡಲಾಗಿ ಅಂಟಿಕೊಂಡಿದ್ದ ಒಂದು ಕೂದಲು ಕಂಡಿತು. ಬಹುಶಃ ಟವೆಲಿನ ಎಳೆಯಿರಬೇಕು. ಒಂದು ಕ್ಷಣ ಉಸಿರು ನಿಂತಿತು. ಪ್ರತಿ 10 ಮೀಟರ್ ಇಳಿದಾಗಲೂ ಇನ್ನೊಂದು ವಾಯುಭಾರದಷ್ಟು ಒತ್ತಡ ಕೂಡುತ್ತದೆ. 18 ಮೀಟರಿನಲ್ಲಿ ಒತ್ತಡ ಮೇಲಿರುವುದರ ಮೂರು ಪಟ್ಟಿಗೆ ಹತ್ತಿರ. ಅಷ್ಟು ಒತ್ತಡದ ನೀರಿಗೆ ಆ ಎಳೆಯಷ್ಟು ಸಂದು ಸಾಕು. ರಿಂಗನ್ನು ಬೆರಳಿನಿಂದಲೇ ಹಿಂಡಿ ಎಬ್ಬಿಸಿ ತೆಗೆದೆ. ಪಿನ್ನು, ಚಾಕುಗಳ ಮೊನೆ ತಾಗಿದರೆ ಗೀರು ಬೀಳುತ್ತದೆ. ರಿಂಗ್ ಕೂರುವ ತೋಡನ್ನೂ ರಿಂಗನ್ನೂ ಒರೆಸಿ, ಬರಿಯ ಹೊಳಪು ಬರುವಷ್ಟು ಗ್ರೀಸ್ ಸವರಿ ಮತ್ತೆ ಕೂಡಿಸಿದೆ. ಗ್ರೀಸ್ ಜಾಸ್ತಿಯಾದರೂ ಕಷ್ಟ, ಅದೇ ಮರಳನ್ನು ಹಿಡಿದಿಟ್ಟುಕೊಳ್ಳುತ್ತದೆ.

ಕತ್ತಲಾದ ಮೇಲೆ ಇಳಿದೆವು. ಹಗಲೆಲ್ಲ ಅಲೆ ಜೋರಾಗಿದ್ದುದರಿಂದ ನೀರು ಕದಡಿತ್ತು. ತಳ ಮುಟ್ಟುವ ಹೊತ್ತಿಗೆ ದೊಡ್ಡ ಟಾರ್ಚನ್ನು ಪೂರ್ತಿ ಬೆಳಕಿಗೆ ಏರಿಸಿದೆ. ಮುಂದೆ ಕಂಡದ್ದು ಬಂಡೆಯಲ್ಲ, ಬಿಳಿಯ ಗೋಡೆ. ನೀರಿನಲ್ಲಿ ತೇಲುತ್ತಿದ್ದ ಒಂದೊಂದು ಕಣವೂ ಬೆಳಕನ್ನು ನನ್ನ ಕಣ್ಣಿಗೇ ತಿರುಗಿಸಿ ಎಸೆಯುತ್ತಿತ್ತು. ದಟ್ಟ ಮಂಜಿನಲ್ಲಿ ಕಾರಿನ ಹೈಬೀಮ್ ಹಾಕಿದವರಿಗೆ ಇದು ಗೊತ್ತು. ಲ್ಯೂಮೆನ್ ಎಂಬುದು ಟಾರ್ಚ್ ಒಟ್ಟು ಎಷ್ಟು ಬೆಳಕು ಚೆಲ್ಲುತ್ತದೆ ಎಂಬ ಲೆಕ್ಕ ಮಾತ್ರ. ಆ ಬೆಳಕು ಎಷ್ಟು ದೂರ ಮುಟ್ಟುತ್ತದೆ ಎಂಬುದು ಅದನ್ನು ಎಷ್ಟು ಬಿಗಿಯಾಗಿ ಕಟ್ಟಿದ್ದಾರೆ ಎಂಬುದರ ಮೇಲಿದೆ. ಇದನ್ನು ನಾನು ಓದಿದ್ದೆ, ಆದರೂ ಗೋಡೆಯ ಮೇಲಿನ ಬೆಳಕಿಗೆ ಮರುಳಾಗಿದ್ದೆ.

ಚಿಕ್ಕದಕ್ಕೆ ಬದಲಾಯಿಸೋಣವೆಂದು ದೊಡ್ಡದನ್ನು ಆರಿಸಲು ಹೋದೆ. ಅದಕ್ಕಿದ್ದದ್ದು ಒಂದೇ ಬಟನ್. ಒಮ್ಮೆ ಒತ್ತಿದರೆ ಬೆಳಕು ತಗ್ಗುತ್ತದೆ, ಇನ್ನೊಮ್ಮೆ ಒತ್ತಿದರೆ ಕೆಂಪಾಗುತ್ತದೆ, ಮತ್ತೊಮ್ಮೆ ಒತ್ತಿದರೆ ಮಿನುಗುತ್ತದೆ. ಆರಬೇಕಾದರೆ ಒತ್ತಿ ಹಿಡಿಯಬೇಕು. ಕೈಗವಸಿನ ಬೆರಳಿಗೆ ಬಟನ್ ಸಿಕ್ಕಿತೋ ಇಲ್ಲವೋ ತಿಳಿಯುತ್ತಿರಲಿಲ್ಲ. ಒತ್ತಿದೆ, ಒತ್ತಿದೆ, ಟಾರ್ಚ್ ಪಟಪಟನೆ ಮಿನುಗತೊಡಗಿತು. ಗಾಬರಿಯಲ್ಲಿ ಅದನ್ನು ಅತ್ತಿತ್ತ ಆಡಿಸಿದೆ.

ಬೆಳಕನ್ನು ಪಕ್ಕದಿಂದ ಪಕ್ಕಕ್ಕೆ ವೇಗವಾಗಿ ಬೀಸಿದರೆ ಡೈವರ್‌ಗಳ ಸಂಕೇತದಲ್ಲಿ “ಅಪಾಯ, ಬೇಗ ಬಾ” ಎಂದರ್ಥ. ಐದಾರು ಮೀಟರ್ ಆಚೆಯಿದ್ದ ಗೆಳೆಯ ಬಾಣದಂತೆ ಬಂದು ನನ್ನ ತೋಳು ಹಿಡಿದ. ಮೊದಲು ನನ್ನ ಗಾಳಿಯ ಗೇಜ್ ನೋಡಿದ, ಆಮೇಲೆ ನನ್ನ ಕಣ್ಣು ನೋಡಿದ. ಅವನ ಇನ್ನೊಂದು ಕೈ ಆಗಲೇ ತನ್ನ ಹೆಚ್ಚುವರಿ ರೆಗ್ಯುಲೇಟರಿನ, ಅಂದರೆ ಗಾಳಿ ಮುಗಿದವರಿಗೆ ಉಸಿರಾಡಲು ಕೊಡುವ ಬಾಯಿತುದಿಯ, ಮೇಲಿತ್ತು. ನನಗೇನೂ ಆಗಿರಲಿಲ್ಲ. ಆದರೆ ಆ ಕೈಯನ್ನು ನೋಡಿದ ಮೇಲೆ ಟಾರ್ಚಿನ ಬಗ್ಗೆ ನನ್ನ ಯೋಚನೆಯೇ ಬೇರೆಯಾಯಿತು. ಅಲ್ಲಿಯವರೆಗೆ ಅದು ನನ್ನ ಕಣ್ಣಿಗಾಗಿ ಎಂದುಕೊಂಡಿದ್ದೆ. ರಾತ್ರಿಯ ನೀರಿನಲ್ಲಿ ಅದು ನನ್ನ ದನಿ. ನಾನು ಅಲ್ಲಿ ಸುಳ್ಳೇ ಕೂಗಿಕೊಂಡಿದ್ದೆ.

ಕೊನೆಗೆ ಅವನೇ ಅದನ್ನು ಆರಿಸಿದ. ನಾನು ಎದೆಯ ಪಟ್ಟಿಯಿಂದ ಚಿಕ್ಕದನ್ನು ಬಿಡಿಸಿ ಹೊತ್ತಿಸಿದೆ. ಕದಡಿದ ನೀರನ್ನು ಸೀಳಿಕೊಂಡು ಒಂದು ತೆಳ್ಳನೆಯ ಕೋಲು ಬಂಡೆಯ ಬುಡದವರೆಗೂ ಹೋಗಿ ನಿಂತಿತು. ಅದನ್ನು ಮರಳಿನ ಮೇಲಿಳಿಸಿ ದೊಡ್ಡ ವೃತ್ತವೊಂದನ್ನು ಬರೆದೆ: ಎಲ್ಲ ಸರಿಯಿದೆ. ಅವನ ವೃತ್ತ ನನ್ನದರ ಪಕ್ಕದಲ್ಲಿ ಮೂಡಿತು. ಅಂಚು ಇರುವ ಬೆಳಕಿನಿಂದ ಮಾತ್ರ ಹೀಗೆ ಬರೆಯಲು ಸಾಧ್ಯ. ಎಲ್ಲೆಡೆ ಹರಡಿದ ಬೆಳಕನ್ನು ಎಷ್ಟು ಸುತ್ತಿಸಿದರೂ ಎದುರಿನವರಿಗೆ ಏನೂ ತಿಳಿಯುವುದಿಲ್ಲ.

ದೊಡ್ಡದಕ್ಕೂ ನ್ಯಾಯ ಸಲ್ಲಿಸಬೇಕು. ಬಂಡೆಯ ಕೊರಕಲೊಂದರಲ್ಲಿ ಸ್ಪಂಜಿನ ಗುಂಪಿತ್ತು. ಮೂರು ಮೀಟರ್ ದೂರದಿಂದ ನನ್ನ ಟಾರ್ಚಿನಲ್ಲಿ ಅದು ಮಾಸಲು ಕಂದು. ಹತ್ತಿರ ಹೋಗಿ, ದೊಡ್ಡದನ್ನು ತೀರ ಕಡಿಮೆ ಬೆಳಕಿನಲ್ಲಿ ಒಂದು ಮೊಳದ ಅಂತರದಲ್ಲಿ ಹಿಡಿದೆ. ಸ್ಪಂಜು ಕುಂಕುಮದಂತೆ ಕೆಂಪಾಯಿತು. ಅದರ ರಂಧ್ರಗಳ ಅಂಚಿನ ಕಿತ್ತಳೆ ಬಣ್ಣ, ಪಕ್ಕದಲ್ಲಿ ಕಡ್ಡಿಯಂಥ ಕಾಲುಗಳ ಸೀಗಡಿಯೊಂದು, ಎಲ್ಲವೂ ನೆರಳಿಲ್ಲದೆ ಒಟ್ಟಿಗೆ ಕಂಡವು. ನೀರು ಮೊದಲು ನುಂಗುವುದು ಕೆಂಪು ಬಣ್ಣವನ್ನು. ಹಗಲಲ್ಲಿ ಸೂರ್ಯನ ಬೆಳಕಿನ ಕೆಂಪೂ ಕೆಲವು ಮೀಟರ್‌ಗಳಲ್ಲೇ ಕುಂದುತ್ತದೆ. ಟಾರ್ಚಿನ ಬೆಳಕಿಗೂ ಅದೇ ಗತಿ: ಮೂರು ಮೀಟರ್ ದೂರದ ವಸ್ತುವಿಗೆ ಹೋಗಿ ಬರುವಷ್ಟರಲ್ಲಿ ಅದು ಆರು ಮೀಟರ್ ನೀರನ್ನು ದಾಟಿರುತ್ತದೆ. ಬಣ್ಣ ಬೇಕೆಂದರೆ ಲ್ಯೂಮೆನ್ ಏರಿಸುವುದಕ್ಕಿಂತ ಹತ್ತಿರ ಹೋಗುವುದೇ ಸರಿ. ಕ್ಯಾಮೆರಾ ಇದ್ದವರಿಗೆ ಅಗಲದ ಬೆಳಕು ಬೇಕೇ ಬೇಕು. ನನ್ನ ಬಳಿ ಕ್ಯಾಮೆರಾ ಇಲ್ಲ.

ಮೇಲೆ ಬಂದ ಮೇಲೆ ಎರಡನ್ನೂ ಸಿಹಿನೀರಿನಲ್ಲಿ ನೆನೆಸಿಟ್ಟು, ಒಣಗಿಸಿ, ದೊಡ್ಡದನ್ನು ಹಿಂದಿರುಗಿಸಿದೆ. ನನ್ನದನ್ನು ಮಾರಲಿಲ್ಲ. ಎರಡನೆಯದಾಗಿ ಇನ್ನೊಂದು ಚಿಕ್ಕ ಟಾರ್ಚ್ ಕೊಂಡೆ, ಏಕೆಂದರೆ ರಾತ್ರಿ ಒಂದೇ ದೀಪ ನಂಬಿ ಇಳಿಯಬಾರದು. ಈ ಸಲ ಆಯ್ಕೆಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ನನ್ನದರಂತೆಯೇ 18650 ಎಂಬ ಬಗೆಯ, ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ಬ್ಯಾಟರಿ, ಕಿರಿದಾದ ಬೆಳಕು, ಮತ್ತು ಬಟನ್ನಿನ ಬದಲು ಅಯಸ್ಕಾಂತದ ಉಂಗುರ. ಅದನ್ನು ಒಂದು ಕಡೆ ತಿರುಗಿಸಿದರೆ ಹೊತ್ತುತ್ತದೆ, ಇನ್ನೊಂದು ಕಡೆ ತಿರುಗಿಸಿದರೆ ಆರುತ್ತದೆ, ನಡುವೆ ಮಿನುಗುವುದೆಂಬುದಿಲ್ಲ. ನೀರು ತಡೆಯುವ ದರ್ಜೆಯಾದ ಐಪಿಎಕ್ಸ್8 ಎಂದಷ್ಟೇ ಬರೆದಿದ್ದವುಗಳನ್ನು ಪಕ್ಕಕ್ಕಿಟ್ಟೆ. ಎಷ್ಟು ಮೀಟರ್ ಆಳಕ್ಕೆ ತಾಳುತ್ತದೆ ಎಂದು ತಯಾರಕರು ಬಿಡಿಸಿ ಹೇಳಿರಬೇಕು. ಅಯಸ್ಕಾಂತ ದಿಕ್ಸೂಚಿಯ ಮುಳ್ಳನ್ನು ಎಳೆಯುವುದರಿಂದ ದಿಕ್ಸೂಚಿ ಎಡ ಮಣಿಕಟ್ಟಿನಲ್ಲಿ, ಟಾರ್ಚ್ ಬಲ ಎದೆಯ ಪಟ್ಟಿಯಲ್ಲಿ.

ದಿನವೂ ಸಂಜೆ ಕೈಗವಸು ತೊಟ್ಟು, ಕಣ್ಣು ಮುಚ್ಚಿಕೊಂಡು, ಪಟ್ಟಿಯಿಂದ ಅದನ್ನು ಬಿಡಿಸಿ ಹೊತ್ತಿಸುವ ಅಭ್ಯಾಸ ಮಾಡುತ್ತಿದ್ದೇನೆ. ಮೊದಲ ದಿನ ಹತ್ತು ಎಣಿಸುವಷ್ಟು ಹೊತ್ತು ತಡಕಾಡಿದ್ದೆ. ನಿನ್ನೆ ಮೂರು ಎಣಿಸುವಷ್ಟರಲ್ಲಿ ಗೋಡೆಯ ಮೇಲೆ ವೃತ್ತ ಮೂಡಿತ್ತು.