ಗೀಝಾಕ್ಕೆ ಕೊನೆಗೆ ಹೋಗಿ: ಪಿರಮಿಡ್ ಕಟ್ಟಿದ್ದು ಹೇಗೆ ಅಂತ ನೋಡಬೇಕೆನ್ನುವವರಿಗೆ

ಕೈರೋದಲ್ಲಿ ಇಳಿದ ಮರುದಿನವೇ ಎಲ್ಲರೂ ಗೀಝಾಕ್ಕೆ ಓಡುತ್ತಾರೆ. ಟೂರ್ ಪ್ಯಾಕೇಜುಗಳೂ ಹಾಗೇ ಇರುತ್ತವೆ. ಫೋಟೋ ಸಾಕು ಅನ್ನುವವರಿಗೆ ಅದು ಸರಿ. ಆದರೆ ಇಷ್ಟು ದೊಡ್ಡದನ್ನು ಹೇಗೆ ಕಟ್ಟಿದರು ಅಂತ ತಲೆ ಕೆಡಿಸಿಕೊಂಡು ಹೋಗುವವರು ಆ ಕ್ರಮವನ್ನು ತಿರುವುಮುರುವು ಮಾಡಿ. ಮೊದಲು ಸಕ್ಕಾರಾ, ಆಮೇಲೆ ದಹಶೂರ್, ಕೊನೆಗೆ ಗೀಝಾ. ಮೊದಲೆರಡು ಕಡೆ ಇರುವುದು ಗೀಝಾದ್ದಕ್ಕಿಂತ ಹಳೆಯ ಪಿರಮಿಡ್ಡುಗಳು. ಗೀಝಾದಲ್ಲಿ ಎಲ್ಲ ಸರಿಯಾಗಿ ಕೂತಿದೆ. ಅದನ್ನು ನೋಡಿದರೆ ಬಾಯಿ ತೆರೆದುಕೊಳ್ಳುತ್ತದೆ, ಏನೂ ಅರ್ಥವಾಗುವುದಿಲ್ಲ. ದಹಶೂರಿನಲ್ಲಿ ಲೆಕ್ಕ ತಪ್ಪಿದೆ. ತಪ್ಪಿದ ಜಾಗದಲ್ಲಿ ಕೆಲಸಗಾರನ ಕೈ ಕಾಣುತ್ತದೆ.

ನಾವು ಹೋದವರು ನಾನು, ಹೆಂಡತಿ, ಮಾವ. ಮಾವನವರು ಇಳಕಲ್ಲಿನವರು, ಬಹಳ ವರ್ಷ ಗ್ರಾನೈಟ್ ಕ್ವಾರಿ ನಡೆಸಿದವರು. ರಾಜರಾಣಿಯರ ಕಥೆ ಅವರಿಗೆ ಬೇಡ. ಕಲ್ಲನ್ನು ಎಲ್ಲಿ ಬಿಡಿಸಿದರು, ಹೇಗೆ ಸಾಗಿಸಿದರು, ಹೇಗೆ ಕೂಡಿಸಿದರು, ಅಷ್ಟು ಹೇಳಿದರೆ ಸಾಕು.

ರೂಮಿನ ವಿಷಯ ಮೊದಲೇ ಹೇಳಿಬಿಡುತ್ತೇನೆ, ಹೊಟ್ಟೆಉರಿ ಇನ್ನೂ ಆರಿಲ್ಲ. ಸ್ಫಿಂಕ್ಸ್ ಎದುರಿಗೇ ನಜ್ಲತ್ ಅಲ್ ಸಮ್ಮಾನ್ ಅಂತ ಒಂದು ಕೇರಿ ಇದೆ. ಅಲ್ಲಿ ಕಂಡ ಕಂಡ ಕಟ್ಟಡವೆಲ್ಲ 'ಪಿರಮಿಡ್ ವ್ಯೂ' ಹೋಟೆಲ್. ರಾತ್ರಿಗೆ 70 ಡಾಲರ್ ಕೊಟ್ಟು ಒಂದನ್ನು ಹಿಡಿದೆವು. ವ್ಯೂ ಇದ್ದದ್ದು ತಾರಸಿಯಲ್ಲಿ. ನಮ್ಮ ರೂಮಿನ ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಏಸಿ ಡಬ್ಬ ಮತ್ತು ಸೋರುವ ಪೈಪು. ಕೇಳಿದರೆ ಕೌಂಟರಿನ ಹುಡುಗ, "ವ್ಯೂ ಹೋಟೆಲಿಗೆ ಇದೆ ಸಾರ್, ರೂಮಿಗೆ ಇದೆ ಅಂತ ಎಲ್ಲಿ ಬರೆದಿದೆ?" ಅಂದ. ನಿಜಕ್ಕೂ ಎಲ್ಲೂ ಬರೆದಿರಲಿಲ್ಲ! ಕತ್ತಲಾದ ಮೇಲೆ ಸೌಂಡ್ ಅಂಡ್ ಲೈಟ್ ಶೋದ ಮೈಕು ನೇರ ಕಿವಿಗೆ. ಅದು ನಿಂತ ಮೇಲೆ ಕುದುರೆಗಾಡಿಗಳ ಓಡಾಟ, ನಾಯಿಗಳ ಜಗಳ. ತಾರಸಿಯಲ್ಲಿ ಟೀ ಕುಡಿಯಲು ಕೂತರೆ ಅದಕ್ಕೆ ಬೇರೆ ದುಡ್ಡು. ಬುಕ್ ಮಾಡುವ ಮೊದಲು, ನಿಮಗೇ ಕೊಡುವ ರೂಮಿನ ಕಿಟಕಿಯ ಫೋಟೋ ಕಳಿಸಿ ಅಂತ ಕೇಳಿ. ಕಳಿಸದಿದ್ದರೆ ಬಿಟ್ಟುಬಿಡಿ. ನಾವು ಆಮೇಲೆ ದೊಕ್ಕಿ ಕಡೆ ಹೋದೆವು. ಅರ್ಧ ದುಡ್ಡು, ಮೆಟ್ರೋ ಹತ್ತಿರ, ನೆಮ್ಮದಿಯ ನಿದ್ದೆ.

ಸಕ್ಕಾರಾ ಮತ್ತು ದಹಶೂರಿಗೆ ಕಾರು ಮಾಡಿಕೊಂಡೇ ಹೋಗಬೇಕು. ಗೈಡ್ ಬೇಡ, ಬರೀ ಡ್ರೈವರ್ ಸಾಕು. 'ಅಂಗಡಿಗೆ ನಿಲ್ಲಿಸಬಾರದು' ಅಂತ ಮೊದಲೇ ಮೆಸೇಜಿನಲ್ಲಿ ಬರೆಸಿಕೊಳ್ಳಿ. ನಮ್ಮ ಕಾರಿಗೆ ಗೈಡ್ ಗಂಟುಬಿದ್ದಿದ್ದ. ಹತ್ತಿದ ಕೂಡಲೇ ಕೇಳಿದ: "ನಿಮಗೆ ಯಾವ ಕಥೆ ಬೇಕು? ಇತಿಹಾಸವಾ, ಏಲಿಯನ್ನಾ, ಪವರ್ ಪ್ಲಾಂಟಾ?" ಪಿರಮಿಡ್ಡನ್ನು ಏಲಿಯನ್‌ಗಳು ಕಟ್ಟಿದರು, ಅದು ಪವರ್ ಪ್ಲಾಂಟ್ ಆಗಿತ್ತು ಅನ್ನುವ ಗಾಳಿಮಾತುಗಳೂ ಇವೆಯಲ್ಲ, ಅವು. ತಮಾಷೆ ಇರಬೇಕು ಅಂದುಕೊಂಡೆವು. ಅಲ್ಲ, ಗಿರಾಕಿಗೆ ತಕ್ಕ ಸರಕು ಇಟ್ಟುಕೊಂಡಿದ್ದಾನೆ. 2025ರ ಮಾರ್ಚ್‌ನಲ್ಲಿ ಇಟಲಿಯ ತಂಡವೊಂದು ಗೀಝಾದ ಖಫ್ರೆ ರಾಜನ ಪಿರಮಿಡ್ಡಿನ ಕೆಳಗೆ ನೂರಾರು ಮೀಟರ್ ಆಳದ ಕಂಬಗಳಿವೆ ಅಂತ ರೇಡಾರ್ ಚಿತ್ರ ತೋರಿಸಿತಲ್ಲ, ಅದನ್ನು ಫೋನಿನಲ್ಲಿ ತೆಗೆದು ತೋರಿಸಿದ. ಉಪಗ್ರಹದ ರೇಡಾರ್ ಬಂಡೆಯೊಳಗೆ ಅಷ್ಟು ಆಳ ಇಳಿಯುವುದಿಲ್ಲ ಅಂತ ತಜ್ಞರು ಆಗಲೇ ತಳ್ಳಿಹಾಕಿದ್ದರು. ಆ ಭಾಗ ಅವನ ಫೋನಿನಲ್ಲಿ ಇರಲಿಲ್ಲ. ಆಮೇಲೆ ಸೆಂಟು ಮಾರುವ ಅಂಗಡಿಯೊಂದು, ಪ್ಯಾಪಿರಸ್ ಅನ್ನುವ ಜೊಂಡಿನ ಕಾಗದ ಮಾರುವ ಅಂಗಡಿಯೊಂದು. ಬೆಳಗಿನ ತಂಪು ಹೊತ್ತೆಲ್ಲ ಅಲ್ಲೇ ಹೋಯಿತು.

ಸಕ್ಕಾರಾದಲ್ಲಿ ಜೋಸರ್ ರಾಜನ ಮೆಟ್ಟಿಲು ಪಿರಮಿಡ್ ಇದೆ. ಕ್ರಿ.ಪೂ. 2650ರ ಸುಮಾರಿನದು, ಇಮ್ಹೋಟೆಪ್ ಉಸ್ತುವಾರಿಯಲ್ಲಿ ಎದ್ದದ್ದು, 62 ಮೀಟರ್ ಎತ್ತರ. ಇಲ್ಲಿ ಕಲ್ಲಿನ ಅಳತೆ ಗಮನಿಸಿ. ಸಣ್ಣ ಸಣ್ಣ ಕಲ್ಲು. ಅದಕ್ಕೂ ಮುಂಚೆ ಮಣ್ಣಿನ ಇಟ್ಟಿಗೆಯಲ್ಲಿ ಕಟ್ಟುತ್ತಿದ್ದವರು, ಕೈ ಇನ್ನೂ ಇಟ್ಟಿಗೆಯ ಅಭ್ಯಾಸ ಬಿಟ್ಟಿಲ್ಲ. ಪ್ರವೇಶದ ಕಂಬಗಳನ್ನೂ ಜೊಂಡಿನ ಕಟ್ಟಿನ ಹಾಗೆ ಕೆತ್ತಿದ್ದಾರೆ, ಆದರೆ ಒಂಟಿಯಾಗಿ ನಿಲ್ಲಿಸಲು ಧೈರ್ಯ ಸಾಲದೆ ಗೋಡೆಗೆ ಅಂಟಿಸಿದ್ದಾರೆ. 2024ರಲ್ಲಿ ಫ್ರಾನ್ಸಿನ ಕೆಲವು ಸಂಶೋಧಕರು, ಇದರ ಕಲ್ಲನ್ನು ನೀರಿನ ಒತ್ತಡದ ಲಿಫ್ಟಿನಿಂದ ಎತ್ತಿರಬಹುದು ಅಂತ ಪ್ರಬಂಧ ಬರೆದರು. ಈಜಿಪ್ಟಿನ ಇತಿಹಾಸ ಬಲ್ಲವರಲ್ಲಿ ಹೆಚ್ಚಿನವರು ಒಪ್ಪಲಿಲ್ಲ. ಮಾವನವರೂ ಒಪ್ಪಲಿಲ್ಲ. "ಇಷ್ಟು ಸಣ್ಣ ಕಲ್ಲಿಗೆ ನೀರಿನ ಲಿಫ್ಟ್ ಯಾಕ ಬೇಕ್ರಿ?" ಅಂದರು.

ಈಗ ದಹಶೂರ್. ನಿಮ್ಮ ಹತ್ತಿರ ಒಂದೇ ದಿನ ಇದ್ದರೂ ಇಲ್ಲಿಗೇ ಹೋಗಿ ಅಂತೀನಿ. ಜನವೇ ಇಲ್ಲ. ಒಂಟೆಯವರೂ ಬೆರಳೆಣಿಕೆ. ಸ್ನೆಫ್ರು ರಾಜ, ಅಂದರೆ ಗೀಝಾದ ದೊಡ್ಡ ಪಿರಮಿಡ್ ಕಟ್ಟಿಸಿದ ಖುಫುವಿನ ಅಪ್ಪ, ಇಲ್ಲಿ ಎರಡು ಪಿರಮಿಡ್ ಕಟ್ಟಿಸಿದ. ಮೊದಲನೆಯದು ಬಾಗಿದ ಪಿರಮಿಡ್. ಕೆಳಗೆ ಸುಮಾರು 54 ಡಿಗ್ರಿ ಕಡಿದಾಗಿ ಏಳುತ್ತದೆ, ಅರ್ಧ ದಾರಿಯಲ್ಲಿ 43 ಡಿಗ್ರಿಗೆ ಇಳಿಜಾರಾಗುತ್ತದೆ. ಅಡಿಯ ನೆಲ ಗಟ್ಟಿ ಇರಲಿಲ್ಲ, ಕಟ್ಟಡ ಕುಸಿಯಲು ಶುರುವಾಯಿತು, ಒಳಗೆ ಬಿರುಕು ಬಿಟ್ಟಿತು. ಹೆದರಿ ಭಾರ ಕಡಿಮೆ ಮಾಡಿದರು ಅನ್ನುವುದು ಹೆಚ್ಚಿನವರ ಅಭಿಪ್ರಾಯ. ಹೊರಗಿನ ನುಣುಪು ಹೊದಿಕೆ ಕಲ್ಲು ಬಹುಪಾಲು ಇನ್ನೂ ಇದೆ, ಬೇರೆ ಯಾವ ಪಿರಮಿಡ್ಡಿನಲ್ಲೂ ಇಷ್ಟು ಉಳಿದಿಲ್ಲ. ಮೂಲೆ ಕಿತ್ತುಹೋದ ಕಡೆ ಹೋಗಿ ನಿಲ್ಲಿ. ಕೆಳಗಿನ ಸಾಲುಗಳ ಕಲ್ಲು ಮಟ್ಟವಾಗಿಲ್ಲ, ಒಳಕ್ಕೆ ವಾಲಿಸಿ ಕೂಡಿಸಿದ್ದಾರೆ. ಮೇಲಿನ ಭಾಗದಲ್ಲಿ ಆ ಪದ್ಧತಿ ಕೈಬಿಟ್ಟು ಮಟ್ಟಸವಾಗಿ ಇಟ್ಟಿದ್ದಾರೆ. ಒಂದೇ ಕಟ್ಟಡದಲ್ಲಿ ಹಳೇ ಕ್ರಮ, ಹೊಸ ಕ್ರಮ ಎರಡೂ.

2019ರಿಂದ ಒಳಗೂ ಬಿಡುತ್ತಾರೆ. 79 ಮೀಟರ್ ಉದ್ದದ ಇಳಿದಾರಿ, ಸೊಂಟ ಬಗ್ಗಿಸಿಯೇ ಹೋಗಬೇಕು. ಮಂಡಿ ನೋವಿದ್ದವರು, ಇಕ್ಕಟ್ಟಿಗೆ ಉಸಿರು ಕಟ್ಟುವವರು ಬೇಡ. ನನ್ನ ಹೆಂಡತಿ ಬಾಗಿಲಲ್ಲೇ ಕೈಮುಗಿದು ನಿಂತಳು. ಒಳಗೆ ಮೇಲಿನ ಕೋಣೆಯಲ್ಲಿ ಅಡ್ಡಡ್ಡ ಸೀಡರ್ ಮರದ ದಿಮ್ಮಿಗಳಿವೆ. ಗೋಡೆಗಳು ಒಳಕ್ಕೆ ಜರುಗದಿರಲಿ ಅಂತ ಆಗಿನವರೇ ಕೊಟ್ಟ ಆಸರೆ ಅನ್ನುತ್ತಾರೆ. 4,500 ವರ್ಷದ ಹಿಂದೆ ಯಾರೋ ಗಾಬರಿಯಲ್ಲಿ ತುರುಕಿದ ಮರ! ನನಗೆ ಇಡೀ ಪ್ರವಾಸದಲ್ಲಿ ಇದಕ್ಕಿಂತ ದೊಡ್ಡದು ಏನೂ ಕಾಣಲಿಲ್ಲ.

ಎದುರಿನ ಕೆಂಪು ಪಿರಮಿಡ್ಡನ್ನು ಶುರುವಿನಿಂದಲೇ 43 ಡಿಗ್ರಿಗೆ ಕಟ್ಟಿದ್ದಾರೆ. ಏಟು ತಿಂದು ಕಲಿತದ್ದು ಅಂತ ಕಣ್ಣಿಗೇ ಗೊತ್ತಾಗುತ್ತದೆ. ಜರ್ಮನಿಯ ರೈನರ್ ಸ್ಟಾಡೆಲ್‌ಮನ್ ಇಲ್ಲಿ ಅಗೆದಾಗ ತಾರೀಖು ಬರೆದ ಕಲ್ಲುಗಳು ಸಿಕ್ಕವು. ಕೆಲಸ ಎಷ್ಟು ವೇಗದಲ್ಲಿ ಏರಿತು ಅಂತ ಅದರಿಂದ ಲೆಕ್ಕ ಹಾಕಬಹುದು. ಒಳಗೆ ಅಮೋನಿಯಾ ನಾತ, ಕರವಸ್ತ್ರ ಇಟ್ಟುಕೊಳ್ಳಿ.

ದಹಶೂರಿನಿಂದ ನೋಡಿದರೆ ಈಗ ನೈಲ್ ನದಿ ಎಲ್ಲೋ ದೂರ. ಅಷ್ಟು ದೂರದಿಂದ ಕಲ್ಲು ಎಳೆದರಾ ಅನ್ನಿಸುತ್ತದೆ. 2024ರಲ್ಲಿ ಇಮಾನ್ ಘೊನೀಮ್ ಅವರ ತಂಡ ಉಪಗ್ರಹ ಚಿತ್ರ ಮತ್ತು ಮಣ್ಣಿನ ಮಾದರಿ ಹಿಡಿದು, ಮರಳಿನಡಿ ಹೂತುಹೋದ ನೈಲ್‌ನ ಕವಲೊಂದನ್ನು ತೋರಿಸಿತು. ಸುಮಾರು 64 ಕಿ.ಮೀ. ಉದ್ದ, ಅದರ ಪಕ್ಕದಲ್ಲೇ 31 ಪಿರಮಿಡ್. ದೋಣಿ ಹತ್ತಿರಕ್ಕೇ ಬರುತ್ತಿತ್ತು ಅಂದಮೇಲೆ ಅರ್ಧ ಒಗಟು ಮುಗಿಯಿತು, ಅಲ್ವಾ?

ಊಟದ ಮಾತಿಗೆ ಬರೋಣ. ಸಸ್ಯಾಹಾರಿಗಳು ಈಜಿಪ್ಟಿಗೆ ಉಪವಾಸದ ತಯಾರಿಯಲ್ಲಿ ಹೋಗುತ್ತಾರೆ, ತೆಪ್ಲಾ ಪ್ಯಾಕೆಟ್ ಹೊತ್ತುಕೊಂಡು. ಸುಮ್ನೆ ಭಾರ. ಗೀಝಾ ಮೆಟ್ರೋ ನಿಲ್ದಾಣದ ಆಸುಪಾಸಿನಲ್ಲಿ ಕೊಶರಿ ಅಂಗಡಿಗಳಿವೆ. ಟೂರಿಸ್ಟ್ ಬಸ್ ನಿಲ್ಲುವ ಕಡೆ ಬೇಡ, ಆಫೀಸಿನವರು ನಿಂತು ತಿನ್ನುವ ಅಂಗಡಿ ಹುಡುಕಿ. ಅನ್ನ, ಸಣ್ಣ ಪಾಸ್ತಾ, ಕಂದು ಬೇಳೆ, ಅದರ ಮೇಲೆ ಕಾಬೂಲ್ ಕಡಲೆ, ಟೊಮೆಟೊ ಸಾಸು, ಗರಿಗರಿ ಹುರಿದ ಈರುಳ್ಳಿ. ಬಡಿಸುವವನು ಗಿರ್ಮಿಟ್ ಮಾಡುವವನ ಹಾಗೆ ಸೌಟನ್ನು ಪಾತ್ರೆಗೆ ಟಣ್ ಟಣ್ ಅಂತ ತಾಳಕ್ಕೆ ಬಡಿಯುತ್ತಾ ಕ್ಷಣದಲ್ಲಿ ತುಂಬಿಕೊಡುತ್ತಾನೆ. ಮೇಜಿನ ಮೇಲೆ ಎರಡು ಬಾಟಲಿ ಇರುತ್ತವೆ. ಒಂದರಲ್ಲಿ ಬೆಳ್ಳುಳ್ಳಿ ಹಾಕಿದ ವಿನೆಗರ್, ಅದನ್ನು ಧಾರಾಳ ಹಾಕಿ. ಇನ್ನೊಂದು ಶತ್ತಾ, ಖಾರ. ನಮ್ಮವರಿಗೆ ಅದು ಏನೂ ಅಲ್ಲ ಅಂದುಕೊಂಡು ಸುರಿಯಬೇಡಿ, ಇಳಕಲ್ಲಿನ ಮಾವನವರೇ ಎರಡು ಲೋಟ ನೀರು ಕುಡಿದರು. ಮೂರು ಜನ ಹೊಟ್ಟೆ ತುಂಬಾ ತಿಂದರೂ ಆ ಹೋಟೆಲಿನ ತಾರಸಿಯ ಒಂದು ಟೀ ದುಡ್ಡು ಆಗಲಿಲ್ಲ. ಬೆಳಗ್ಗೆಗೆ ಗಾಡಿಯ ಮೇಲಿನ ಫೂಲ್ (ಬೇಯಿಸಿದ ಬೀನ್ಸ್ ಕಾಳು) ಮತ್ತು ತಾಮಿಯ್ಯಾ (ಅದೇ ಕಾಳಿನ ವಡೆ), ಬಿಸಿ ಬಿಸಿ ಐಶ್ ಬಲದಿ ರೊಟ್ಟಿ. ಪಿರಮಿಡ್ ಕಟ್ಟಿದವರ ದಿನದ ಊಟದಲ್ಲೂ ರೊಟ್ಟಿ, ಬಿಯರ್ ಇರುತ್ತಿತ್ತು.

ಆ ಕೆಲಸಗಾರರ ಊರು ಗೀಝಾದಲ್ಲೇ ಇದೆ. ಗೈಡುಗಳು ಆ ಕಡೆ ಕರೆದುಕೊಂಡೇ ಹೋಗುವುದಿಲ್ಲ. ಸ್ಫಿಂಕ್ಸ್‌ನ ದಕ್ಷಿಣಕ್ಕೆ ನೋಡಿದರೆ ದಪ್ಪ ಕಲ್ಲಿನ ಉದ್ದ ಗೋಡೆ ಕಾಣುತ್ತದೆ, ಹೈತ್ ಅಲ್ ಘುರಾಬ್, ಕಾಗೆ ಗೋಡೆ. ಅದರಾಚೆ ಪುರಾತತ್ವಜ್ಞ ಮಾರ್ಕ್ ಲೆಹ್ನರ್ ತಂಡ ಅಗೆದದ್ದು ಬೇಕರಿಗಳು, ಮಲಗುವ ಉದ್ದನೆ ಪಡಸಾಲೆಗಳು, ರಾಶಿ ರಾಶಿ ದನ, ಕುರಿ, ಮೇಕೆಗಳ ಮೂಳೆ. 1990ರಲ್ಲಿ ಕುದುರೆಯೊಂದು ಎಡವಿದ ಜಾಗದಲ್ಲಿ ಅವರ ಗೋರಿಗಳೂ ಸಿಕ್ಕವು. ಮುರಿದು ಸರಿಯಾಗಿ ಕೂಡಿಕೊಂಡ ಕೈಕಾಲು ಮೂಳೆಗಳಿದ್ದವು, ಅಂದರೆ ಚಿಕಿತ್ಸೆ ಮಾಡಿಸಿದ್ದಾರೆ. ರಾಜನ ಪಿರಮಿಡ್ಡಿನ ಮಗ್ಗುಲಲ್ಲೇ ಗೋರಿ ಪಡೆದವರು ಚಾಟಿ ಏಟಿನ ಗುಲಾಮರಲ್ಲ. ಒಂದು ತಂಡ ತನ್ನನ್ನು 'ಮೆಂಕೌರೆಯ ಕುಡುಕರು' ಅಂತ ಕರೆದುಕೊಂಡಿತ್ತು! ಮೆಂಕೌರೆ ಅಂದರೆ ಗೀಝಾದ ಮೂರನೇ ಪಿರಮಿಡ್ಡಿನ ರಾಜ. ಗೋರಿಗಳಿಗೆ ಬಿಡುತ್ತಾರಾ ಅಂತ ಟಿಕೆಟ್ ಕಿಟಕಿಯಲ್ಲೇ ಕೇಳಿ, ಹೊರಗಿನವರ ಮಾತು ನಂಬಬೇಡಿ.

ಖುಫುವಿನ ದೊಡ್ಡ ಪಿರಮಿಡ್ಡಿನ ಒಳಗೆ ಹೋಗುವುದಕ್ಕೆ ಬೇರೆ ಟಿಕೆಟ್, ದುಬಾರಿ. ಬೆವರು, ನೂಕುನುಗ್ಗಲು, ಮುಂದಿನವನ ಹಿಮ್ಮಡಿ ಬಿಟ್ಟು ಬೇರೇನೂ ಕಾಣುವುದಿಲ್ಲ. ಜನಜಂಗುಳಿ ನನಗೆ ಆಗದು, ಹಾಗಾಗಿ ಬೇಡ ಅಂತೀನಿ. ಬದಲಿಗೆ ಪೂರ್ವಕ್ಕೆ ಬನ್ನಿ, ಅಲ್ಲಿ ಕಪ್ಪು ಬಸಾಲ್ಟ್ ನೆಲಹಾಸು ಉಳಿದಿದೆ. ಕೆಲವು ಕಲ್ಲುಗಳ ಮೇಲೆ ಗರಗಸದ ಗೆರೆ ಸ್ಪಷ್ಟ. ತಾಮ್ರದ ಗರಗಸ, ಅದರಡಿ ಮರಳು. ಕಲ್ಲು ಕೊಯ್ಯುವುದು ಮರಳು, ತಾಮ್ರ ಅಲ್ಲ. ಡೆನಿಸ್ ಸ್ಟಾಕ್ಸ್ ಅನ್ನುವವರು ಇದನ್ನು ಮಾಡಿಯೇ ತೋರಿಸಿದ್ದಾರೆ.

ಅಲ್ಲಿಂದ ನೇರ ಮೆಂಕೌರೆಯ ಸಣ್ಣ ಪಿರಮಿಡ್ಡಿಗೆ. ಕೆಳಗಿನ ಸಾಲುಗಳಿಗೆ ದಕ್ಷಿಣದ ಅಸ್ವಾನ್ ಊರಿನ ಗ್ರಾನೈಟ್ ಹೊದಿಸಿದ್ದಾರೆ, ಆದರೆ ನಯ ಮಾಡುವ ಕೆಲಸ ಅರ್ಧಕ್ಕೇ ನಿಂತಿದೆ. ಪ್ರವೇಶದ ಹತ್ತಿರ ಸ್ವಲ್ಪ ಜಾಗ ನುಣುಪು, ಉಳಿದದ್ದು ಉಬ್ಬುಉಬ್ಬು. ಕೆಲವು ಕಲ್ಲಿನ ಬುಡದಲ್ಲಿ ಹಿಡಿಯಷ್ಟು ಗುಬುಟು ಬಿಟ್ಟಿದ್ದಾರೆ. ಮಾವನವರು ಅದರ ಮೇಲೆ ಕೈ ಇಟ್ಟು ಬಹಳ ಹೊತ್ತು ನಿಂತರು. "ಇಲ್ಲೇ ಹಾರಿ ಕೊಟ್ಟು ಮೀಟ್ಯಾರ. ಕೊನೀಗೆ ಕೆತ್ತಿ ತೆಗೀತಿದ್ರು, ತೆಗ್ಯಾಕ ಆಗಿಲ್ಲ. ನೋಡ್ರಿ ಅಳಿಯಂದ್ರ, ಕಲ್ಲು ಎತ್ತೂದು ದೊಡ್ಡ ಮಾತಲ್ಲ, ಸಂದಿಲ್ಲದಂಗ ಕೂಡಸೂದು ದೊಡ್ಡ ಮಾತು." ಉತ್ತರದ ಕಡೆ ಒಂದು ದೊಡ್ಡ ಗಾಯವಿದೆ. 12ನೇ ಶತಮಾನದ ಕೊನೆಗೆ ಸಲಾದೀನನ ಮಗ ಇದನ್ನು ಕೆಡವಲು ಹೊರಟು, ತಿಂಗಳುಗಟ್ಟಲೆ ಒದ್ದಾಡಿ ಸೋತ ಗುರುತು.

ಕಲ್ಲನ್ನು ಮೇಲಕ್ಕೆ ಎಳೆಯಲು ಎಂಥ ಇಳಿಜಾರು ದಾರಿ ಹಾಕಿದ್ದರು ಅನ್ನುವ ಜಗಳ ಇನ್ನೂ ಮುಗಿದಿಲ್ಲ. ಖುಫುವಿನದು ಮೂಲದಲ್ಲಿ 146 ಮೀಟರ್ ಎತ್ತರ, ಸುಮಾರು 23 ಲಕ್ಷ ಕಲ್ಲು. 20 ವರ್ಷ, ದಿನಕ್ಕೆ ಹತ್ತು ಗಂಟೆ ಅಂತ ಹಿಡಿದರೆ ಎರಡು ನಿಮಿಷಕ್ಕೊಂದು ಕಲ್ಲು ಕೂರಬೇಕು. ತುದಿವರೆಗೆ ನೇರ ದಾರಿ ಹಾಕಲು ಹೋದರೆ ದಾರಿಯೇ ಇನ್ನೊಂದು ಪಿರಮಿಡ್ ಆಗುತ್ತದೆ. ಅದಕ್ಕೇ ಕೆಲವರು ಸುತ್ತುದಾರಿ ಅಂತಾರೆ, ವಾಸ್ತುಶಿಲ್ಪಿ ಜೀನ್ ಪಿಯರ್ ಹೂದಾಂ ಗೋಡೆಯೊಳಗೇ ಸುರುಳಿದಾರಿ ಇತ್ತು ಅಂತಾರೆ. ನನಗೆ ಈ ಲೆಕ್ಕ ಹಿಡಿಸಿತು: ಎತ್ತರದ ಕೆಳಗಿನ ಮೂರನೇ ಒಂದು ಭಾಗದಲ್ಲೇ ಶೇ. 70ರಷ್ಟು ಕಲ್ಲು ಇದೆ. ಅಷ್ಟಕ್ಕೆ ಮೋಟು ದಾರಿ ಸಾಕು. ಮೇಲಿನದಕ್ಕೆ ಬೇರೆ ಉಪಾಯ ಮಾಡಿರಬೇಕು. 2018ರಲ್ಲಿ ಹತ್ನುಬ್ ಕ್ವಾರಿಯಲ್ಲಿ ಖುಫು ಕಾಲದ ಕಡಿದಾದ ದಾರಿ ಸಿಕ್ಕಿತು. ಎರಡೂ ಬದಿ ಮೆಟ್ಟಿಲು, ಕಂಬ ನೆಡುವ ಗುಂಡಿಗಳು. ಹಗ್ಗವನ್ನು ಕಂಬಕ್ಕೆ ಸುತ್ತಿ ಎಳೆದಿರಬೇಕು. ಈ ವಿಷಯ ನಮ್ಮ ಗೈಡಿಗೆ ಗೊತ್ತೇ ಇರಲಿಲ್ಲ.

ಸಾಗಣೆ ವಿಷಯದಲ್ಲಿ ಅಷ್ಟು ಗೊಂದಲ ಇಲ್ಲ. ಕೆಂಪು ಸಮುದ್ರದ ದಡದ ವಾದಿ ಅಲ್ ಜರ್ಫ್‌ನಲ್ಲಿ 2013ರಲ್ಲಿ ಪಿಯರ್ ತಲ್ಲೆ ತಂಡಕ್ಕೆ ಸಿಕ್ಕ ಪ್ಯಾಪಿರಸ್‌ಗಳಲ್ಲಿ ಮೆರೆರ್ ಎಂಬ ಮೇಸ್ತ್ರಿಯ ದಿನಚರಿ ಇದೆ. ತುರಾದಲ್ಲಿ ಸುಣ್ಣದಕಲ್ಲು ತುಂಬಿದೆವು, ದೋಣಿಯಲ್ಲಿ ಹೊರಟೆವು, ಖುಫುವಿನ ಪಿರಮಿಡ್ಡಿಗೆ ತಲುಪಿಸಿದೆವು. ಬರೀ ಲೋಡಿಂಗ್, ಅನ್‌ಲೋಡಿಂಗ್ ಲೆಕ್ಕ.

ಹೊಸ ಗ್ರ್ಯಾಂಡ್ ಈಜಿಪ್ಷಿಯನ್ ಮ್ಯೂಸಿಯಮ್ಮನ್ನು ಗೀಝಾದ ದಿನಕ್ಕೆ ಸೇರಿಸಬೇಡಿ, ಕಾಲು ಬಿದ್ದುಹೋಗುತ್ತದೆ. ಬೇರೆ ದಿನ ಹೋಗಿ ಖುಫುವಿನ 43 ಮೀಟರ್ ದೋಣಿ ಮಾತ್ರ ನಿಧಾನಕ್ಕೆ ನೋಡಿ. ಹಲಗೆಗಳನ್ನು ಹಗ್ಗದಿಂದ ಹೊಲಿದು ಮಾಡಿದ್ದು.

ರಜೆ ಉಳಿದಿದ್ದರೆ ರಾತ್ರಿ ರೈಲಿಗೆ ಅಸ್ವಾನಿಗೆ ಹೋಗಿ. ಏಸಿ ಬೋಗಿ ಕೊರೆಯುತ್ತದೆ, ಸ್ವೆಟರ್ ಬೇಕು. ಅಲ್ಲಿ ಕ್ವಾರಿಯಲ್ಲೇ ಮಲಗಿರುವ ಅರೆಬರೆ ಒಬೆಲಿಸ್ಕ್ (ಒಂದೇ ಕಲ್ಲಿನ, ಚೂಪು ತುದಿಯ ಕಂಬ) ಖುಫುವಿಗಿಂತ ಸಾವಿರ ವರ್ಷ ಈಚಿನದು, ಆದರೆ ಗ್ರಾನೈಟ್ ಬಿಡಿಸುವ ಕೆಲಸ ಇಲ್ಲಿ ಕಂಡಷ್ಟು ಬೇರೆಲ್ಲೂ ಕಾಣದು. 42 ಮೀಟರ್ ಉದ್ದ, ಸಾವಿರ ಟನ್ನಿಗೂ ಜಾಸ್ತಿ, ಬಿರುಕು ಬಿಟ್ಟಿತು ಅಂತ ಅಲ್ಲೇ ಬಿಟ್ಟಿದ್ದಾರೆ. ಉಳಿಯ ಗುರುತಿಲ್ಲ. ಡೋಲರೈಟ್ ಅನ್ನುವ ಗಟ್ಟಿ ಜಾತಿಯ ಗುಂಡುಕಲ್ಲಿನಿಂದ ಕುಟ್ಟಿ ಕುಟ್ಟಿ ಪುಡಿ ಮಾಡಿದ ತಗ್ಗುಗಳು ಸಾಲುಸಾಲಾಗಿವೆ. ನೆರಳಿಲ್ಲ, ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ. ಕಾವಲುಗಾರ ಬಂದು ಒಂದು ಗುಂಡುಕಲ್ಲು ಕೈಗೆ ಕೊಟ್ಟು, ಕುಟ್ಟಿ ನೋಡಿ ಅಂತಾನೆ. ಕುಟ್ಟಿದ ಮೇಲೆ ಬಕ್ಷೀಸು ಕೇಳುತ್ತಾನೆ. ಹತ್ತು, ಇಪ್ಪತ್ತು ಪೌಂಡಿನ ನೋಟು ಜೇಬಿನಲ್ಲಿರಲಿ, ನೂರರ ನೋಟಿಗೆ ಅವರ ಹತ್ತಿರ ಯಾವತ್ತೂ ಚಿಲ್ಲರೆ ಇರುವುದಿಲ್ಲ.